ಸಚಿವರೇ, ಆ ಮೂವರು ಹುಡುಗರೂ ಒಂದೇ ಅಲ್ಲ

ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಸರ್, ನಾನು ಇಲ್ಲಿ ಹೈಸ್ಕೂಲ್ ಮೇಷ್ಟ್ರು. ಹುಡುಗರು ಚಾಕು ಹಿಡಿದ ಸುದ್ದಿ ಬಂದಾಗಲೆಲ್ಲ 'ದೊಡ್ಡವರ ಹಾಗೇ ಜೈಲಿಗೆ ಹಾಕಿ' ಅಂತಾರೆ ಜನ. ಏಟು ತಿಂದವರ ಮನೆಯ ಸಂಕಟ ನನಗೂ ಗೊತ್ತಾಗುತ್ತದೆ. ಆದರೆ 18 ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ನಿಂತ ಮೂವರಿಗೆ ನಾನು ಪಾಠ ಹೇಳಿದ್ದೇನೆ.

ಒಬ್ಬ ಬೆಳಗಿನ ಜಾವವೇ ಮಂಡಕ್ಕಿ ಭಟ್ಟಿಗೆ ಹೋಗಿ ಬಂದು ಕ್ಲಾಸಲ್ಲಿ ತೂಕಡಿಸುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ, ದೊಡ್ಡ ಹುಡುಗರ ಜೊತೆ ಸೇರಿದ, ಗಾಂಜಾ ಕಲಿತ, ಕೊನೆಗೆ ಚಾಕು ತೋರಿಸಿ ಮೊಬೈಲ್ ಕಿತ್ತುಕೊಂಡು ಸಿಕ್ಕಿಬಿದ್ದ. ಇನ್ನೊಬ್ಬ, ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯೋದನ್ನು ನೋಡಿಕೊಂಡೇ ಬೆಳೆದವನು, ಒಂದು ರಾತ್ರಿ ಅಪ್ಪನ ತಲೆಗೇ ದೊಣ್ಣೆಯಲ್ಲಿ ಬಾರಿಸಿದ. ಮೂರನೆಯವನಿಗೆ ಗೆಳೆಯರೇ ಇರಲಿಲ್ಲ. ಕ್ಲಾಸಿನವರು ದಿನಾ ಗೋಳು ಹೊಯ್ದುಕೊಳ್ಳುತ್ತಿದ್ದರು, ಅದು ನನ್ನ ಕಣ್ಣಿಗೆ ಬೀಳುತ್ತಿತ್ತು ಸರ್, ನಾನು ಸುಮ್ನಿದ್ದೆ. ಅವನು ಒಂದು ಪುಟ್ಟ ಮಗುವಿನ ಜೊತೆ ಮಾಡಬಾರದ್ದನ್ನು ಮಾಡಿದ.

ಇಂಥ ಹುಡುಗರ ಬಗ್ಗೆ ಅಧ್ಯಯನ ಮಾಡಿದವರೂ ಎಲ್ಲರೂ ಒಂದೇ ಅಲ್ಲ ಅಂತಲೇ ಹೇಳುತ್ತಾರೆ. ಕಿತ್ತುಕೊಳ್ಳೋಕೆ ಇಳಿಯುವವರಲ್ಲಿ ಸಹವಾಸ, ನಶೆ, ಅರ್ಧಕ್ಕೆ ಬಿಟ್ಟ ಓದು ಜಾಸ್ತಿ. ಚಿಕ್ಕ ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟವರಲ್ಲಿ ಒಂಟಿತನ ಜಾಸ್ತಿ, ಎಷ್ಟೋ ಸಲ ಅವರೇ ಕಿರುಕುಳ ಉಂಡಿರುತ್ತಾರೆ. ಹದಿಹರೆಯದಲ್ಲಷ್ಟೇ ದಾರಿ ತಪ್ಪಿ ಆಮೇಲೆ ಸರಿಹೋಗುವವರೇ ಹೆಚ್ಚು, ಬಾಲ್ಯದಲ್ಲೇ ಶುರುವಾಗಿ ದೊಡ್ಡವರಾದ ಮೇಲೂ ಬಿಡದವರು ಕಡಿಮೆ ಅಂತ ಟೆರಿ ಮಾಫಿಟ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲೇ ಬರೆದಿದ್ದಾರೆ. ಯಾರು ಯಾವ ಥರದವರು ಅಂತ ಯಾರಾದರೂ ಕೂತು ನೋಡಬೇಕಲ್ವಾ?

ನಮ್ಮ ಮೂವರಿಗೂ ಸಿಕ್ಕಿದ್ದು ಒಂದೇ ಬುದ್ಧಿಮಾತು: ಚೆನ್ನಾಗಿ ಓದು, ಕೆಟ್ಟ ಸಹವಾಸ ಬಿಡು. ಗೆಳೆಯರೇ ಇಲ್ಲದವನು ಯಾವ ಸಹವಾಸ ಬಿಡಬೇಕು?

16 ದಾಟಿದವನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ದೊಡ್ಡವರ ಥರ ವಿಚಾರಣೆ ಮಾಡಬೇಕಾ ಅಂತ ತೀರ್ಮಾನಿಸುವ ಮೊದಲು ಮಂಡಳಿ ಅವನ ಮನಸ್ಸು, ತಿಳುವಳಿಕೆ, ಆಗಿನ ಸಂದರ್ಭ ನೋಡಬೇಕು ಅನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ಹೊರಗಿನ ತಜ್ಞರನ್ನು ಕೇಳಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ತಜ್ಞರಿಗಾಗಿ ಬೆಂಗಳೂರಿಗೆ ಓಡಬೇಕಿಲ್ಲ.

ಜಿಲ್ಲೆಯ ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯವರನ್ನು ಕೇಳಿ ಸರ್. ಈ ವರ್ಷ ಎಷ್ಟು ಹುಡುಗರ ಮನೆಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಹೋಗಿ ಬಂದರು, ಎಷ್ಟು ಹುಡುಗರ ಜೊತೆ ಮನಶ್ಶಾಸ್ತ್ರಜ್ಞರು ಕೂತು ಮಾತಾಡಿದರು? ಲೆಕ್ಕ ನಮಗೂ ಹೇಳಿ. ಹುಡುಗರ ಹೆಸರು ಮಾತ್ರ ಬೇಡ, ಅದನ್ನು ಹೊರಗೆ ಹಾಕಬಾರದು ಅಂತ ಅದೇ ಕಾಯ್ದೆಯಲ್ಲಿದೆ.

ಇಂತಿ,
ದಾವಣಗೆರೆಯ ಒಬ್ಬ ಮೇಷ್ಟ್ರು