ಬರ್ಡ್ ಅವರ ನಾನೂರನೆಯ ವರ್ಷದಲ್ಲಿ ಜೊತೆಗೆ ಹಾಡಿದವರಿಗೆ

ಇಂಗ್ಲೆಂಡಿನ ಸಂಗೀತ ರಚನಕಾರ ವಿಲಿಯಂ ಬರ್ಡ್ ಅವರು ತೀರಿಕೊಂಡದ್ದು 1623ರ ಜುಲೈ 4ರಂದು. ಆ ದಿನಕ್ಕೆ ನಾನೂರು ವರ್ಷ ತುಂಬಿದ 2023ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಲಿಂಕನ್ ನಗರದ ಹಿರಿಯ ಚರ್ಚಾದ ಕ್ಯಾಥೆಡ್ರಲ್‌ನ ಸ್ವಂತ ಗಾಯಕರು ರಜೆಯ ಮೇಲಿದ್ದಾಗ, ನಮ್ಮ ಪುಟ್ಟ ಹವ್ಯಾಸಿ ಗಾಯಕರ ಕ್ವಾಯರ್‌ಗೆ ಎರಡು ದಿನ ಅಲ್ಲಿ ಹಾಡುವ ಅವಕಾಶ ದೊರೆಯಿತು. ಅದನ್ನು ಸಾಧ್ಯವಾಗಿಸಿದ ಎಲ್ಲರಿಗೂ ನಾನು ಋಣಿಯಾಗಿದ್ದೇನೆ.

ಬರ್ಡ್ ಅವರು ಆ ಆಲಯಕ್ಕೆ ಆರ್ಗನ್ ವಾದಕರಾಗಿ, ಬಾಲಗಾಯಕರ ಗುರುಗಳಾಗಿ ಬಂದದ್ದು 1563ರಲ್ಲಿ, ಇಪ್ಪತ್ತು ದಾಟಿದ ತರುಣರಾಗಿದ್ದಾಗ. 1569ರಲ್ಲಿ ಅಲ್ಲಿನ ಆಡಳಿತ ಅವರ ಸಂಬಳವನ್ನು ಕೆಲಕಾಲ ತಡೆಹಿಡಿದಿತ್ತು. 1572ರಲ್ಲಿ ಅವರು ರಾಣಿ ಎಲಿಜಬೆತ್ ಅವರ ರಾಜಾಲಯದ ಗಾಯಕವೃಂದವನ್ನು ಸೇರಿದರು. ರಾಣಿಯ ಪ್ರೊಟೆಸ್ಟೆಂಟ್ ಚರ್ಚಿಗಾಗಿ ಇಂಗ್ಲಿಷಿನಲ್ಲಿ ಶ್ರೇಷ್ಠ ಸಂಗೀತ ರಚಿಸಿದ ಅವರು ಸ್ವತಃ ಕ್ಯಾಥೊಲಿಕ್ ನಂಬಿಕೆಯನ್ನು ಬಿಡಲಿಲ್ಲ. ಕ್ಯಾಥೊಲಿಕರ ಲ್ಯಾಟಿನ್ ಬಲಿಪೂಜೆಗೆ ನಿಷೇಧವಿದ್ದ ಆ ಕಾಲದಲ್ಲಿ, 1590ರ ದಶಕದಲ್ಲಿ ಆ ಪೂಜೆಗಾಗಿ ಅವರು ರಚಿಸಿದ ಮೂರು ಸಂಗೀತಕೃತಿಗಳು, ಅಂದರೆ ಮಾಸ್‌ಗಳು ಮುಖಪುಟವೂ ಇಲ್ಲದೆ ಅಚ್ಚಾದವು. ಬಾಗಿಲು ಮುಚ್ಚಿದ ಮನೆಗಳಲ್ಲಿ, ಬೆರಳೆಣಿಕೆಯ ಜನ ಹಾಡಿಕೊಳ್ಳಲೆಂದು ಹುಟ್ಟಿದ ಸಂಗೀತ ಅದು. ಅವರ ಕಾಲದಲ್ಲಿ ಲಿಂಕನ್ನಿನಲ್ಲಿ ಹಾಡಲಾಗದಂಥ ನಾಲ್ಕು ಧ್ವನಿಗಳ ಮಾಸ್ ಅನ್ನು ನಾವು ಭಾನುವಾರ ಬೆಳಿಗ್ಗೆ ಅದೇ ಕಮಾನುಗಳ ಕೆಳಗೆ ಹಾಡಿದೆವು. ಅದಕ್ಕೆ ಒಪ್ಪಿ, ನಮ್ಮನ್ನು ಮನೆಯವರಂತೆ ಬರಮಾಡಿಕೊಂಡ ಆಲಯದ ಗುರುಗಳಿಗೆ ಮೊದಲ ವಂದನೆ.

ನಮ್ಮ ನಿರ್ದೇಶಕರ ಋಣ ಇನ್ನೂ ಹಳೆಯದು. 2020ರ ಸಾಂಕ್ರಾಮಿಕದಲ್ಲಿ ಒಟ್ಟಿಗೆ ಹಾಡುವುದೇ ಅಪಾಯವೆಂದಾಯಿತು. 2021ರ ಮೇ ತಿಂಗಳಲ್ಲಿ ಮತ್ತೆ ಸೇರಬಹುದೆಂದು ನಾವು ಕಾದಿದ್ದಾಗ, ಹವ್ಯಾಸಿಗಳು ಒಳಾಂಗಣದಲ್ಲಿ ಆರು ಜನರಿಗಿಂತ ಹೆಚ್ಚು ಸೇರಿ ಹಾಡುವಂತಿಲ್ಲ ಎಂಬ ಸೂಚನೆ ಬಂತು. ನಿರ್ದೇಶಕರು ನಮ್ಮನ್ನು ಆರಾರು ಜನರ ಗುಂಪು ಮಾಡಿ, ಸಂಜೆಗೆ ಮೂರು ಸಲ ಅದೇ ಪಾಠ ಹೇಳಿದರು. ಪ್ರತಿ ಧ್ವನಿಗೆ ಒಬ್ಬಿಬ್ಬರೇ ಇದ್ದುದರಿಂದ ಪಕ್ಕದವರ ಹಿಂದೆ ಅಡಗಿ ಹಾಡುವ ನಮ್ಮ ಅಭ್ಯಾಸ ತಪ್ಪಿತು. ಬರ್ಡ್ ಅವರ ಸಂಗೀತವನ್ನು ನಾನು ನಿಜವಾಗಿ ಕಲಿತದ್ದು ಆ ಸಂಜೆಗಳಲ್ಲಿಯೇ.

ಶನಿವಾರದ ಸಂಜೆ ಪ್ರಾರ್ಥನೆಯಲ್ಲಿ 1589ರಲ್ಲಿ ಪ್ರಕಟವಾದ ಬರ್ಡ್ ಅವರ ಲ್ಯಾಟಿನ್ ಗೀತೆ 'ನೆ ಇರಾಸ್ಕಾರಿಸ್' (ಕೋಪಗೊಳ್ಳಬೇಡ) ಹಾಡಿದೆವು. ಅದರ ಎರಡನೆಯ ಭಾಗ ಪಾಳುಬಿದ್ದ ಜೆರುಸಲೇಮಿನ ಪ್ರಲಾಪ. ಒಂದರ ಹಿಂದೊಂದು ಬೆನ್ನಟ್ಟುತ್ತಿದ್ದ ಧ್ವನಿಗಳು 'ಸಿಯೋನ್ ದೆಸೆರ್ತಾ' (ಸಿಯೋನ್ ಪಾಳುಬಿದ್ದಿದೆ) ಎಂಬಲ್ಲಿ ತಟ್ಟನೆ ಒಟ್ಟಿಗೆ ನಿಂತು, ತಗ್ಗಿದ ಸ್ವರದಲ್ಲಿ ಒಂದೇ ಉಸಿರಿನಂತೆ ಆ ಮಾತನ್ನು ಹೇಳುತ್ತವೆ. ನನ್ನ ಹಾಳೆಯಲ್ಲಿ ಆ ಲ್ಯಾಟಿನ್ ಸಾಲುಗಳೆಲ್ಲ ಕನ್ನಡ ಲಿಪಿಯಲ್ಲಿದ್ದವು. ಪ್ರತಿ ಸ್ವರಾಕ್ಷರವನ್ನೂ ಸ್ಪಷ್ಟವಾಗಿ ತೋರಿಸುವ ನಮ್ಮ ಲಿಪಿ ಉಚ್ಚಾರಣೆಗೆ ನನಗೆ ಬೇರಾವುದಕ್ಕಿಂತ ಹೆಚ್ಚು ಒದಗಿತು. ಹಾಗೆ ಬರೆದುಕೊಳ್ಳಲು ಹೇಳಿ, ತಾನೇ ಕೂತು ತಿದ್ದಿಕೊಟ್ಟವಳು ನನ್ನ ತಂಗಿ. ಈ ಸಂಗೀತವನ್ನು ಎಂದೂ ಕೇಳಿರದಿದ್ದರೂ ಎರಡು ಗಂಟೆ ರೈಲಿನಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕೂತು ಆಲಿಸಿದ ಕನ್ನಡದ ಗೆಳೆಯರನ್ನೂ ಅವಳನ್ನೂ ನೆನೆಯದೆ ಈ ಬರಹ ಮುಗಿಯದು.

ಭಾನುವಾರದ 'ಆಗ್ನುಸ್ ದೇಯಿ'ಯನ್ನು, ಅಂದರೆ ದೇವರ ಕುರಿಮರಿಯ ಪ್ರಾರ್ಥನೆಯನ್ನು, ಮೇಲಿನ ಎರಡು ಧ್ವನಿಗಳಷ್ಟೇ ಆರಂಭಿಸುತ್ತವೆ. ಮೇಲಿನಿಂದ ಎರಡನೆಯ ಧ್ವನಿಯಾದ ಆಲ್ಟೊ ಹಾಡುವ ನನಗೆ ಅಲ್ಲಿ ಆಸರೆ ಎಲ್ಲಕ್ಕಿಂತ ಮೇಲಿನ ಧ್ವನಿಯ ಸೊಪ್ರಾನೊಗಳು ಮಾತ್ರ. ಬಳಿಕ ಕೆಳಗಿನ ಧ್ವನಿಗಳೂ ಬಂದು ಸೇರುತ್ತವೆ. ನಾಲ್ಕೂ ಕೂಡಿದ ಮೇಲೆ ಶಾಂತಿಯ ಬೇಡಿಕೆಯಲ್ಲಿ ಸ್ವರಗಳು ಒಂದನ್ನೊಂದು ನೋಯುವಷ್ಟು ಹತ್ತಿರದಲ್ಲಿ ಉಜ್ಜುತ್ತ, ಬಹಳ ನಿಧಾನವಾಗಿ ಬಿಡುಗಡೆ ಪಡೆಯುತ್ತವೆ. ಕೆಳಗಿನ ಧ್ವನಿಗಳಲ್ಲೊಂದಾದ ಟೆನರ್ ಸಾಲಿನ ಹಿರಿಯರೊಬ್ಬರು ಅಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಂಡೆ. ಆರು ಜನರ ಆ ಸಂಜೆಗಳಲ್ಲಿ ನನ್ನೆದುರು ನಿಂತು ಹಾಡಿದವರು ಅವರೇ. ಅವರಿಗೆ ನನ್ನ ನಮಸ್ಕಾರ.

ಕೊನೆಯದಾಗಿ ಆಲಯದ ಸಿಬ್ಬಂದಿಗೆ. ಜನರೆಲ್ಲ ಹೋದ ಮೇಲೆ ಇನ್ನೊಮ್ಮೆ ಹಾಡಿಕೊಳ್ಳಬಹುದೇ ಎಂದು ನಾವು ಹಿಂಜರಿಯುತ್ತ ಕೇಳಿದಾಗ, ನೀವು ಕೈಯಲ್ಲಿದ್ದ ಬೀಗದ ಕೈಗಳನ್ನು ಜೇಬಿಗಿಳಿಸಿ ಕೊನೆಯ ಬೆಂಚಿನಲ್ಲಿ ಕುಳಿತುಕೊಂಡಿರಿ.