ಮಕ್ಕಳಿಗೆ ಪ್ರಶ್ನೆ ಕೇಳಲು ಬಿಡಿ

ಮಾನ್ಯ ಸಂಪಾದಕರೇ,

ಕ್ರೈಸ್ತ ಮನೆಗಳಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ನಿಮ್ಮ ಓದುಗರೊಬ್ಬರು ಬರೆದ ಪತ್ರ ಓದಿದೆ. ಅಪ್ಪ ಅಮ್ಮ ಬೆತ್ತ ಕೆಳಗಿಟ್ಟ ಮೇಲೆ ಮಕ್ಕಳು ದೇವರನ್ನೂ ಬಿಟ್ಟರು ಅನ್ನುವುದು ಅವರ ವಾದ. ಅದಕ್ಕೆ ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಅನ್ನುವ, ಬೈಬಲ್‌ನ ಜ್ಞಾನೋಕ್ತಿಯ 13ನೇ ಅಧ್ಯಾಯದ 24ನೇ ವಚನದ ಆಧಾರ ಕೊಟ್ಟಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಚಿಕ್ಕಂದಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದ ಹುಡುಗ ದೊಡ್ಡವನಾದ ಮೇಲೆ ಆರಾಧನೆಯ ಕಡೆ ತಲೆಯನ್ನೂ ಹಾಕದಿದ್ದರೆ ಯಾರಿಗೆ ತಾನೇ ನೋವಾಗುವುದಿಲ್ಲ? ಆದರೆ ತುಂಬಾ ಕಾಲದಿಂದ ಸಂಡೇ ಸ್ಕೂಲ್‌ನಲ್ಲಿ ಪಾಠ ಮಾಡುತ್ತಾ ಬಂದವಳಾಗಿ ನಾನು ಅವರ ಕಾರಣವನ್ನು ಒಪ್ಪಲಾರೆ.

ಆ ವಚನ ಇದೆ, ಇಲ್ಲ ಅನ್ನುವುದಿಲ್ಲ. ಅದೇ ಸತ್ಯವೇದದಲ್ಲಿ ಅಪೊಸ್ತಲ ಪೌಲ ಎಫೆಸದ ಸಭೆಯವರಿಗೆ ಬರೆದ ಪತ್ರವೂ ಇದೆ. ತಂದೆಗಳೇ, ನಿಮ್ಮ ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ ಎಂದು ಅದರ 6ನೇ ಅಧ್ಯಾಯ ಹೇಳುತ್ತದೆ. ಕೊಲೊಸ್ಸೆಯವರಿಗೆ ಬರೆದಾಗ ಪೌಲ ಇದಕ್ಕೆ ಕಾರಣವನ್ನೂ ಸೇರಿಸುತ್ತಾನೆ: ಮಕ್ಕಳ ಮನಸ್ಸು ಕುಗ್ಗೀತು. ಬೆತ್ತದ ವಚನ ಬಾಯಿಪಾಠ ಇರುವ ಅಪ್ಪಂದಿರಲ್ಲಿ ಎಷ್ಟು ಜನರಿಗೆ ಈ ಎರಡು ಮಾತು ನೆನಪಿವೆ? ಸುಮ್ನೆ ಕೇಳಿದೆ.

ಪೌಲ ಇದನ್ನು ಬರೆದ ಕಾಲ ನೋಡಿ. ರೋಮ್‌ನ ಕಾನೂನಿನಲ್ಲಿ ಮನೆಯ ಯಜಮಾನನ ಮಾತೇ ಕೊನೆ. ಹುಟ್ಟಿದ ಕೂಸನ್ನು ಸಾಕಬೇಕೋ ಹೊರಗೆ ಬಿಟ್ಟುಬಿಡಬೇಕೋ ಎಂದು ಕೂಡ ಅವನೇ ತೀರ್ಮಾನಿಸಬಹುದಿತ್ತು. ಅಂಥ ಲೋಕದಲ್ಲಿ ಅಪ್ಪನಿಗೂ ಒಂದು ಮಿತಿ ಇದೆ ಎಂದು ಹೇಳುವುದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಅಪ್ಪಂದಿರ ಜೊತೆ ಮಾತಾಡುವ ಮೊದಲು ಪೌಲ ಮಕ್ಕಳ ಜೊತೆಗೇ ನೇರವಾಗಿ ಮಾತಾಡುತ್ತಾನೆ. 'ಮಕ್ಕಳೇ' ಎಂದು ಕರೆಯುತ್ತಾನೆ. ಆಗ ಪತ್ರಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅಂದರೆ ಮಕ್ಕಳೂ ಅಲ್ಲಿ ಕೂತಿರುತ್ತಾರೆ ಎಂದುಕೊಂಡೇ ಅವನು ಬರೆದಿದ್ದಾನೆ. ನೀವು ವಿಧೇಯರಾಗಿರಿ ಎಂದು ಅವರಿಗೆ ಹೇಳಿದ್ದು ಅಪ್ಪನ ಕಿವಿಗೆ ಬಿತ್ತು. ಅಪ್ಪನಿಗೆ ಹೇಳಿದ್ದು ಮಕ್ಕಳ ಕಿವಿಗೂ ಬಿತ್ತು! ಮನೆಗೆ ಹೋಗುವ ದಾರಿಯಲ್ಲಿ ಏನು ಮಾತುಕತೆ ನಡೆಯಿತೋ.

ಆದರೆ ನಾನು ಬರೆಯಲು ಕೂತದ್ದು ಬೆತ್ತದ ವಿಷಯಕ್ಕಿಂತ ಜಾಸ್ತಿ ಮಕ್ಕಳ ಪ್ರಶ್ನೆಯ ವಿಷಯಕ್ಕೆ. ಬೆತ್ತ ಬಿಟ್ಟವರೂ ಮಕ್ಕಳ ಬಾಯಿ ಮುಚ್ಚಿಸುವುದನ್ನು ಬಿಟ್ಟಿಲ್ಲ.

ನಮ್ಮ ತರಗತಿಯಲ್ಲಿ ಒಮ್ಮೆ ಅಬ್ರಹಾಮ ದೇವರ ಮಾತಿನಂತೆ ತನ್ನ ಮಗ ಇಸಾಕನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋದ ಪಾಠ ನಡೆಯುತ್ತಿತ್ತು. ಆವತ್ತು ಪಾಠ ಮಾಡುತ್ತಿದ್ದವರು ಇನ್ನೊಬ್ಬ ಟೀಚರ್, ನಾನು ಹಿಂದೆ ಹಾಜರಿ ಪುಸ್ತಕ ತುಂಬುತ್ತಿದ್ದೆ. ಚಿತ್ರ ತೋರಿಸಿದ್ದಾಯಿತು, ಇಸಾಕನ ಬದಲಿಗೆ ಟಗರು ಸಿಕ್ಕಿದ್ದಾಯಿತು, ಅಬ್ರಹಾಮನ ನಂಬಿಕೆ ಎಷ್ಟು ದೊಡ್ಡದು ಎಂದು ಹೇಳಿದ್ದೂ ಆಯಿತು. ಎರಡು ಜಡೆ ಹಾಕಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಮನೆಗೆ ಬಂದು ಸಾರಳಿಗೆ ಏನಂತ ಹೇಳಿದ್ರು ಟೀಚರ್?" ಎಂದು ಇಸಾಕನ ತಾಯಿಯ ಬಗ್ಗೆ ಕೇಳಿದಳು. ಅವಳ ಪಕ್ಕದವನು, "ಇಸಾಕನೇ ಹೇಳಿರ್ತಾನೆ ಬಿಡೇ" ಅಂದ. ತರಗತಿಗೆ ಜೀವ ಬಂತು. ಇಸಾಕ ಆಮೇಲೆ ಅಪ್ಪನ ಜೊತೆ ಬೆಟ್ಟಕ್ಕೆ ಹೋದನಾ, ರಾತ್ರಿ ಅವನಿಗೆ ನಿದ್ದೆ ಬಂತಾ ಎಂದು ಎಲ್ಲರೂ ಒಟ್ಟಿಗೇ ಶುರು ಮಾಡಿದರು. ಟೀಚರ್ ಮೇಜು ಬಡಿದರು. ದೇವರ ವಾಕ್ಯದಲ್ಲಿ ಹಾಗೆಲ್ಲ ಕೇಳಬಾರದು ಎಂದು ಹೇಳಿ ಬಾಯಿಪಾಠಕ್ಕೆ ಹೋದರು. ಆ ಹುಡುಗಿ ಕೈ ಕೆಳಗಿಟ್ಟಳು. ಪುಸ್ತಕದ ಮೂಲೆಯನ್ನು ಮಡಿಸುತ್ತಾ, ಬಿಡಿಸುತ್ತಾ ಕೂತಳು.

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಆದಿಕಾಂಡದ 22ನೇ ಅಧ್ಯಾಯ ತೆಗೆದು ನೋಡಿ. ಸಾರಳ ಹೆಸರೇ ಅಲ್ಲಿಲ್ಲ. ಮುಂದಿನ ಅಧ್ಯಾಯ ಶುರುವಾಗುವುದೇ ಸಾರಳ ಸಾವಿನಿಂದ. ಇವೆರಡರ ನಡುವೆ ಏನಾಯಿತು ಎಂದು ದೊಡ್ಡ ದೊಡ್ಡ ಪಂಡಿತರೇ ಕೇಳಿಕೊಂಡು ಬಂದಿದ್ದಾರೆ. ಅದಕ್ಕಿಂತ ಮುಖ್ಯವಾದ್ದು, ಆ ಕಥೆಯೊಳಗೇ ಒಬ್ಬ ಹುಡುಗ ಪ್ರಶ್ನೆ ಕೇಳುತ್ತಾನೆ. ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿ ಎಲ್ಲಿ ಅಪ್ಪಾ ಎಂದು ಇಸಾಕ ಕೇಳಿದ. ಅಬ್ರಹಾಮ ಬಾಯಿ ಮುಚ್ಚು ಅನ್ನಲಿಲ್ಲ. ಆ ಹೊತ್ತಿನಲ್ಲೂ, ಅಷ್ಟು ಭಾರ ಎದೆಯಲ್ಲಿಟ್ಟುಕೊಂಡೂ, ಮಗನೇ ಎಂದು ಕರೆದು ತನಗೆ ತೋಚಿದ ಉತ್ತರ ಕೊಟ್ಟ.

ಮಕ್ಕಳಿಗೆ ನಂಬಿಕೆ ಕಲಿಸುವ ಬಗ್ಗೆ ಮಾತು ಬಂದಾಗಲೆಲ್ಲ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಎತ್ತುತ್ತಾರೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳನ್ನು ಮಕ್ಕಳ ಹತ್ತಿರ ಆಡಿ ಎಂದು ಅಲ್ಲಿದೆ. ಪ್ರಸಂಗಗಳಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. 20ನೇ ವಚನದವರೆಗೆ ಓದುವವರು ಕಡಿಮೆ. ಮುಂದೆ ನಿಮ್ಮ ಮಗ ಈ ಆಜ್ಞೆಗಳೆಲ್ಲ ಯಾಕೆ ಎಂದು ಕೇಳಿದರೆ ಏನು ಹೇಳಬೇಕು ಎಂಬುದು ಅಲ್ಲಿದೆ. ಮಗು ಕೇಳಿಯೇ ಕೇಳುತ್ತದೆ ಎಂದು ಆ ಆಜ್ಞೆಗಳನ್ನು ಜನರಿಗೆ ತಿಳಿಸಿದ ಮೋಶೆಗೆ ಗೊತ್ತಿತ್ತು. ಹೇಳಬೇಕಾದ ಉತ್ತರವಾದರೂ ಏನು? ನಾವು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಫರೋಹ ರಾಜನ ಗುಲಾಮರಾಗಿದ್ದೆವು, ದೇವರು ನಮ್ಮನ್ನು ಬಿಡಿಸಿಕೊಂಡು ಬಂದರು. ಅಂದರೆ ಮನೆಯವರು ತಮ್ಮ ಕಥೆ ಹೇಳಬೇಕು. ಹೇಳಿದ್ದು ಮಾಡು, ಮಾಡದಿದ್ದರೆ ನರಕ ಎಂದು ಅಲ್ಲೆಲ್ಲೂ ಇಲ್ಲ.

ಆ ಬಿಡುಗಡೆಯನ್ನು ನೆನೆಯುವ ಪಸ್ಕದ ಹಬ್ಬದ ವಿಷಯದಲ್ಲೂ ಹೀಗೇ, ಮಕ್ಕಳು ಕೇಳಿದರೆ ಹೇಳಬೇಕಾದ ಉತ್ತರವನ್ನು ವಿಮೋಚನಕಾಂಡ 12ರಲ್ಲಿ ನೋಡಬಹುದು. ಮೋಶೆಯ ನಂತರ ಜನರನ್ನು ನಡೆಸಿದ ಯೆಹೋಶುವ ಅಂತೂ ಒಂದು ಹೆಜ್ಜೆ ಮುಂದೆ ಹೋದ. ಯೊರ್ದನ್ ಹೊಳೆ ದಾಟಿದ ಮೇಲೆ ಅದರ ನಡುವಿನಿಂದ 12 ಕಲ್ಲು ಹೊರಿಸಿಕೊಂಡು ಬಂದು ಗಿಲ್ಗಾಲಿನಲ್ಲಿ ನಿಲ್ಲಿಸಿದ. ಯಾಕೆ? ಮುಂದೆ ಮಕ್ಕಳು ನೋಡಿ ಇದೇನು ಎಂದು ಕೇಳಲಿ ಎಂದು. ಹೊಳೆ ದಾಟಿ ಶತ್ರುವಿನ ನೆಲಕ್ಕೆ ಕಾಲಿಟ್ಟ ಜನ, ಇನ್ನೂ ಹುಟ್ಟದ ಮಕ್ಕಳ ಬಾಯಿಯಿಂದ ಒಂದು ಪ್ರಶ್ನೆ ಬರಲಿ ಎಂದು ಕಲ್ಲು ಹೊತ್ತರು. ನಾವೋ, ಬಂದ ಪ್ರಶ್ನೆಯನ್ನೇ ಹೊರಗೆ ಅಟ್ಟುತ್ತೇವೆ.

ಇದು ಯಾವಾಗ ತಿರುವುಮುರುವಾಯಿತು ಎಂದು ಒಂದೊಂದು ಸಲ ಯೋಚಿಸುತ್ತೇನೆ. 1528ರ ಹೊತ್ತಿಗೆ ಸಭೆಯನ್ನು ಸುಧಾರಿಸಲು ಹೊರಟಿದ್ದ ಲೂಥರ್ ಜರ್ಮನಿಯ ಸ್ಯಾಕ್ಸನಿಯ ಹಳ್ಳಿ ಸಭೆಗಳನ್ನು ಸುತ್ತಿ ಬಂದರು. ಜನರಿಗೆ, ಕೆಲವು ಪಾದ್ರಿಗಳಿಗೂ ಕೂಡ, ಕರ್ತನ ಪ್ರಾರ್ಥನೆಯೇ ಸರಿಯಾಗಿ ಗೊತ್ತಿಲ್ಲದ್ದನ್ನು ಕಂಡು ಗಾಬರಿಯಾದರು. 1529ರಲ್ಲಿ ಮನೆಯ ಯಜಮಾನ ತನ್ನ ಮನೆಯವರಿಗೆ ಸರಳವಾಗಿ ಹೇಳಿಕೊಡಲಿ ಎಂದು ಪ್ರಶ್ನೋತ್ತರದ ಒಂದು ಚಿಕ್ಕ ಪುಸ್ತಕ ಬರೆದರು. ಒಳ್ಳೆಯ ಪುಸ್ತಕ, ಈಗಲೂ ಬಳಕೆಯಲ್ಲಿದೆ. 1647ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ್ದ ಸಭಾ ಪಂಡಿತರು ಮಾಡಿದ ಚಿಕ್ಕ ಪ್ರಶ್ನೋತ್ತರದಲ್ಲಿ 107 ಪ್ರಶ್ನೆಗಳಿವೆ. ಈ ಪುಸ್ತಕಗಳ ಮೇಲೆ ನನಗೆ ಗೌರವ ಇದೆ. ಆದರೆ ಒಂದು ಗಮನಿಸಿ. ಮೋಶೆಯ ಕಾಲದಲ್ಲಿ ಕೇಳುವುದು ಮಗು, ಉತ್ತರ ಹೇಳುವುದು ದೊಡ್ಡವರು. ಇಲ್ಲಿ ಕೇಳುವುದು ದೊಡ್ಡವರು, ಒಪ್ಪಿಸುವುದು ಮಗು. ಬಾಯಿಪಾಠ ಬೇಡ ಅನ್ನುತ್ತಿಲ್ಲ. ಕಲಿತ ವಚನ ಯಾವುದೋ ಕಷ್ಟದ ರಾತ್ರಿಯಲ್ಲಿ ತಾನಾಗಿ ನೆನಪಿಗೆ ಬರುತ್ತದೆ, ನನಗೇ ಬಂದಿದೆ. ಆದರೆ ಮಗುವಿನ ಪ್ರಶ್ನೆಗೂ ಅಷ್ಟೇ ಜಾಗ ಬೇಕಲ್ವಾ? ಹನ್ನೆರಡು ವರ್ಷದ ಯೇಸುವನ್ನು ದೇವಾಲಯದಲ್ಲಿ ಕಂಡಾಗ ಅವರು ವಚನ ಒಪ್ಪಿಸುತ್ತಿರಲಿಲ್ಲ. ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಿದ್ದರು, ಪ್ರಶ್ನೆ ಹಾಕುತ್ತಿದ್ದರು ಎಂದು ಲೂಕ ಬರೆದಿದ್ದಾನೆ.

ಮತ್ತೆ ಬೆತ್ತಕ್ಕೆ ಬರುತ್ತೇನೆ, ಯಾಕೆಂದರೆ ಹೊಡೆತ ಬಿದ್ದಲ್ಲಿ ಪ್ರಶ್ನೆ ಹುಟ್ಟುವುದಿಲ್ಲ. ಇದು ಈ ಕಾಲದವರ ಮೆತ್ತನೆಯ ಮಾತು ಎಂದುಕೊಳ್ಳಬೇಡಿ. ಆದಿ ಸಭೆಯ ದೊಡ್ಡ ಬೋಧಕ ಅಗಸ್ಟೀನ್ ತಮ್ಮ ಬಾಲ್ಯ ನೆನೆದು ಬರೆದದ್ದು ಸುಮಾರು 400ನೇ ಇಸವಿಯಲ್ಲಿ. ಶಾಲೆಯಲ್ಲಿ ಹೊಡೆತ ತಪ್ಪಿಸು ದೇವರೇ ಎಂದು ಚಿಕ್ಕವರಿದ್ದಾಗ ಅಳುತ್ತಾ ಪ್ರಾರ್ಥಿಸಿದ್ದರಂತೆ. ಅವರ ಬಾಸುಂಡೆ ನೋಡಿ ದೊಡ್ಡವರು ನಕ್ಕರು, ಹೆತ್ತವರೂ ನಕ್ಕರು. ಅಷ್ಟು ವರ್ಷವಾದರೂ ಆ ನಗು ಅವರಿಗೆ ಮರೆತಿರಲಿಲ್ಲ. ಅವರ ತಾಯಿ ಮೋನಿಕಾ ಮಗನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದವರು ಎಂದು ನಾವೆಲ್ಲ ಹಾಡಿ ಹೊಗಳುತ್ತೇವೆ. ಈ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ.

11ನೇ ಶತಮಾನದ ಸನ್ಯಾಸಿ, ಪಂಡಿತ ಆನ್ಸೆಲ್ಮ್ ಅವರದು ಇನ್ನೊಂದು ಪ್ರಸಂಗ. ಅವರ ಶಿಷ್ಯ ಈಡ್ಮರ್ ಬರೆದಿಟ್ಟಿದ್ದಾರೆ. ಮಠವೊಂದರ ಮುಖ್ಯಸ್ಥರು ಬಂದು ದೂರು ಹೇಳಿದರು: ನಮ್ಮಲ್ಲಿರುವ ಹುಡುಗರಿಗೆ ಹಗಲೂ ರಾತ್ರಿ ಹೊಡೆಯುತ್ತೇವೆ, ಆದರೂ ಮೊದಲಿಗಿಂತ ಕೆಡುತ್ತಲೇ ಇದ್ದಾರೆ. ಆನ್ಸೆಲ್ಮ್ ತಿರುಗಿ ಕೇಳಿದರು, ಒಂದು ಸಸಿ ನೆಟ್ಟು ಕೊಂಬೆ ಚಾಚಲು ಜಾಗವೇ ಇಲ್ಲದಂತೆ ಸುತ್ತಲೂ ಕಟ್ಟಿಹಾಕಿದರೆ ಕೆಲವು ವರ್ಷದ ಮೇಲೆ ಎಂಥ ಮರ ಸಿಗುತ್ತದೆ? ಸೊಟ್ಟಸೊಟ್ಟ ಕೊಂಬೆಯ, ಕೆಲಸಕ್ಕೆ ಬಾರದ ಮರ ಎಂದು ಅವರೇ ಒಪ್ಪಿಕೊಂಡರು. ಅದು ಯಾರ ತಪ್ಪು ಎಂದು ಆನ್ಸೆಲ್ಮ್ ಕೇಳಿದರು. ಬಂದವರು ನಿಟ್ಟುಸಿರುಬಿಟ್ಟು, ಅವರ ಕಾಲಿಗೆ ಬಿದ್ದರಂತೆ.

ಹಾಗಾದರೆ ಶಿಸ್ತೇ ಬೇಡವಾ ಎಂದು ಪತ್ರ ಬರೆದವರು ಕೇಳಬಹುದು. ಬೇಕು. ಇನ್ನೊಬ್ಬರ ಮೇಲೆ ಕೈ ಮಾಡುವ ಮಗುವಿನ ಕೈ ಹಿಡಿಯಲೇಬೇಕು, ಸುಳ್ಳು ಹೇಳಿದರೆ ಸುಳ್ಳು ಅನ್ನಲೇಬೇಕು. ಯಾಜಕ ಏಲಿ ತನ್ನ ಗಂಡುಮಕ್ಕಳ ದುಷ್ಟತನ ಗೊತ್ತಿದ್ದೂ ತಡೆಯಲಿಲ್ಲ. ಅದು ಅವನ ಮನೆಯನ್ನೇ ಮುಳುಗಿಸಿತು. ಪ್ರಸಂಗಗಳಲ್ಲಿ ಏಲಿಯ ಹೆಸರು ಬರುವುದೇ ಇದಕ್ಕೆ. ನನಗೆ ಮಾತ್ರ ಏಲಿಯ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಅದಕ್ಕೆ ಕಾರಣ, ಏಲಿಯ ಹತ್ತಿರ ಬೆಳೆಯುತ್ತಿದ್ದ ಬಾಲಕ ಸಮುವೇಲನ ಒಂದು ರಾತ್ರಿ. ಯಾರೋ ಕರೆದ ಹಾಗಾಗಿ ಹುಡುಗ ಏಲಿಯ ಹತ್ತಿರ ಓಡಿ ಬರುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದು ಮುದುಕ ಹೇಳುತ್ತಾನೆ. ಮತ್ತೆ ಬರುತ್ತಾನೆ. ಮೂರನೇ ಸಲವೂ ಬರುತ್ತಾನೆ. ಕಣ್ಣು ಮಂಜಾದ ವಯಸ್ಸು, ನಿದ್ದೆ ಹಾಳು. ನಮ್ಮಲ್ಲಿ ಎಷ್ಟು ಜನ ಮೂರನೇ ಸಲಕ್ಕೆ ಗದರದೇ ಇರುತ್ತೇವೆ? ಏಲಿಯ ಬಾಯಿಂದ ಒಂದು ಬಿರುಸು ಮಾತು ಬರುವುದಿಲ್ಲ. ಎರಡನೇ ಸಲವಂತೂ ಮಗನೇ ಎಂದೇ ಕರೆಯುತ್ತಾನೆ. ಮೂರನೇ ಸಲ, ಈ ಹುಡುಗನನ್ನು ಕರೆಯುತ್ತಿರುವುದು ದೇವರು ಎಂದು ಅವನಿಗೆ ಹೊಳೆಯುತ್ತದೆ. ಇನ್ನೊಮ್ಮೆ ಕರೆದರೆ ಏನನ್ನಬೇಕು ಎಂದು ಒಂದೇ ಒಂದು ವಾಕ್ಯ ಹೇಳಿಕೊಟ್ಟು ಕಳಿಸುತ್ತಾನೆ. ಹುಡುಗನ ಜೊತೆ ತಾನೂ ಹೋಗಿ ನಿಲ್ಲುವುದಿಲ್ಲ.

ಬೆಳಿಗ್ಗೆ ಸಮುವೇಲನಿಗೆ ಹೇಳಲು ಹೆದರಿಕೆ. ದೇವರು ಹೇಳಿದ್ದು ಏಲಿಯ ಮನೆಯ ನಾಶದ ಸುದ್ದಿ. ಏನನ್ನೂ ಮುಚ್ಚಿಡಬೇಡ ಎಂದು ಏಲಿ ಒತ್ತಾಯ ಮಾಡಿ ಕೇಳುತ್ತಾನೆ. ಪೂರ್ತಿ ಕೇಳಿದ ಮೇಲೆ, ಆತನು ಕರ್ತನು, ತನಗೆ ಸರಿಕಂಡದ್ದನ್ನು ಮಾಡಲಿ ಅನ್ನುತ್ತಾನೆ. ತನ್ನ ಬಗ್ಗೆ ಅಷ್ಟು ಕಹಿಯಾದ ಮಾತನ್ನು ಒಬ್ಬ ಹುಡುಗನ ಬಾಯಿಂದ ಕೇಳಿಸಿಕೊಂಡು, ಆ ಹುಡುಗನ ಮೇಲೆ ಸಿಟ್ಟಾಗದ ದೊಡ್ಡವರನ್ನು ನೀವು ಎಷ್ಟು ಕಂಡಿದ್ದೀರಿ?

ಯೇಸುವಿನ ಶಿಷ್ಯರಿಗೂ ಇದು ಬಂದಿರಲಿಲ್ಲ. ಅವರ ಹತ್ತಿರ ಮಕ್ಕಳನ್ನು ಕರೆತಂದವರನ್ನು ಗದರಿಸಿದ್ದು ಪಕ್ಕದಲ್ಲೇ ಇದ್ದ ಶಿಷ್ಯರು, ಹೊರಗಿನವರಲ್ಲ. ಯೇಸುವಿಗೆ ಸಿಟ್ಟು ಬಂತು ಎಂದು ಮಾರ್ಕ ಬಿಚ್ಚಿ ಹೇಳುತ್ತಾನೆ. ಆಮೇಲೆ ಅವರು ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆ ಮಕ್ಕಳಿಗೆ ಒಂದೂ ಪ್ರಶ್ನೆ ಕೇಳಲಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಬಾ, ಒಟ್ಟಿಗೆ ಓದಿ ನೋಡೋಣ ಅನ್ನಿ. ನೀವು ಯಾಕೆ ಪ್ರಾರ್ಥಿಸುತ್ತೀರಿ, ಯಾವಾಗ ನಿಮಗೆ ಪ್ರಾರ್ಥನೆ ಬರಲಿಲ್ಲ ಎಂದು ಅವರಿಗೂ ಹೇಳಿ. ಅಪ್ಪ ನಂಬದ ಮನೆಯಾದರೆ ಅಥವಾ ಒಬ್ಬರೇ ಮಗುವನ್ನು ಬೆಳೆಸುತ್ತಿದ್ದರೆ ಎದೆಗುಂದಬೇಡಿ. ಪೌಲನ ಜೊತೆಗಾರ ತಿಮೊಥೆಯನ ತಂದೆ ಗ್ರೀಕನು ಎಂದಷ್ಟೇ ಅಪೊಸ್ತಲರ ಕೃತ್ಯಗಳಲ್ಲಿದೆ. ಪೌಲ ನೆನೆಯುವುದು ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇವರ ನಂಬಿಕೆಯನ್ನು.

ನಮ್ಮ ತರಗತಿಯಲ್ಲಿ ಈಗ ಕೊನೆಯ ಸ್ವಲ್ಪ ಹೊತ್ತು ಮಕ್ಕಳದೇ. ಬಾಯಿಬಿಟ್ಟು ಕೇಳಲು ನಾಚುವವರು ಚೀಟಿಯಲ್ಲಿ ಬರೆದು ಹಾಕುತ್ತಾರೆ. ದೇವರಿಗೆ ಬೇಜಾರಾಗುತ್ತಾ? ಪ್ರಳಯ ಬಂದಾಗ ನೋಹನ ನಾವೆಯೊಳಗೆ ಬರದ ಪಾಪುಗಳು ಏನು ತಪ್ಪು ಮಾಡಿದ್ದವು? ಯೇಸು ತಮ್ಮನ್ನು ಹಿಡಿದುಕೊಟ್ಟ ಯೂದನ ಕಾಲನ್ನೂ ತೊಳೆದ್ರಾ? ಈ ಕೊನೆಯದಕ್ಕೆ ಎಲ್ಲರೂ ಸೇರಿ ಯೋಹಾನ 13 ತೆಗೆದು ಬೆರಳಿಟ್ಟು ಓದಿದೆವು. ಕಾಲು ತೊಳೆದದ್ದು ಮೊದಲು, ಯೂದ ಎದ್ದು ಹೊರಗೆ ಹೋದದ್ದು ಆಮೇಲೆ ಎಂದು ಕಂಡುಹಿಡಿದದ್ದು ಆ ಚೀಟಿ ಬರೆದ ಹುಡುಗನೇ. ನಾವೆಯ ಪಾಪುಗಳ ಬಗ್ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಹಾಗೆಂದೇ ಹೇಳಿದೆ. ಆ ಮಕ್ಕಳು ಮುಂದಿನ ವಾರ ಬಂದರು.

ಸಂಡೇ ಸ್ಕೂಲ್ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವ ಹಿರಿಯರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಹಾಳೆಯ ಕೊನೆಯಲ್ಲಿ ನಾಲ್ಕು ಗೆರೆ ಖಾಲಿ ಬಿಡಿ. 'ನಿನಗೆ ಏನು ಕೇಳಬೇಕು ಅನಿಸುತ್ತದೆ?' ಎಂದಷ್ಟೇ ಬರೆಯಿರಿ. ಅದಕ್ಕೆ ಅಂಕ ಬೇಡ. ಆದರೆ ಹಾಳೆ ತಿದ್ದುವವರು ಆ ನಾಲ್ಕು ಗೆರೆಯನ್ನು ಓದಿ, ಮಗುವಿಗೆ ಏನಾದರೂ ಬರೆದು ವಾಪಸ್ ಕೊಡಲಿ.

ಇಂತಿ,
ಒಬ್ಬ ಸಂಡೇ ಸ್ಕೂಲ್ ಟೀಚರ್