ಬೆನ್ನಿನ ಯಂತ್ರ: ಹಾಕಿದ ಮೇಲೆ ಕೇಳುವವರಾರು?

ಮಾನ್ಯ ಸಂಪಾದಕರೇ,

ಬೆನ್ನುಹುರಿಯ ಹತ್ತಿರ ಸ್ಟಿಮ್ಯುಲೇಟರ್ (ತಂತಿಯ ಮೂಲಕ ಸಣ್ಣಗೆ ಕರೆಂಟ್ ಹರಿಸುವ ಯಂತ್ರ) ಅಳವಡಿಸಿ ನರದ ನೋವು ತಗ್ಗಿಸುತ್ತೇವೆಂಬ ಜಾಹೀರಾತು ಈಚೆಗೆ ಜೋರಾಗಿದೆ. ಆ ಯಂತ್ರವನ್ನು ಮೈಯೊಳಗೇ ಇಟ್ಟುಕೊಂಡವನು ನಾನು. ಜಾಹೀರಾತಿನಲ್ಲಿ ಬರೆಯದ್ದನ್ನು ಹೇಳಬೇಕಾಗಿದೆ.

ಡಿಸ್ಕ್ ಆಪರೇಷನ್ ಆದರೂ ನನ್ನ ಎಡಗಾಲಿನ ಉರಿ ಹೋಗಲಿಲ್ಲ. ಪಾದಕ್ಕೆ ಹೊದಿಕೆ ತಾಗಿದರೂ ಬೆಂಕಿ ಸವರಿದ ಹಾಗೆ. ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ ನುಂಗಿದರೆ ನೋವಿಗಿಂತ ಮೊದಲು ನಾನೇ ಮಲಗಿಬಿಡುತ್ತಿದ್ದೆ. ಬೆಂಗಳೂರಿನ ವೈದ್ಯರು ಮೊದಲು ತಂತಿ ಮಾತ್ರ ಒಳಗಿಳಿಸಿ, ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿ, ವಾರದ ಮಟ್ಟಿಗೆ ನೋಡೋಣ ಎಂದರು. ನೋವು ಅರ್ಧಕ್ಕಾದರೂ ಇಳಿದರೆ ಪೂರ್ತಿ ಅಳವಡಿಕೆ, ಇಲ್ಲವಾದರೆ ತಂತಿ ಎಳೆದು ತೆಗೆಯುವುದು. ಇಳಿಯಿತು, ಹಾಕಿಸಿಕೊಂಡೆ. ಈಗ ಸಂತೆಗೆ ನಡೆದೇ ಹೋಗುತ್ತೇನೆ. ಎಲ್ಲರಿಗೂ ಹೀಗಾಗುವುದಿಲ್ಲ. ಆಪರೇಷನ್ ನಂತರವೂ ಕಾಲುನೋವು ಉಳಿದ 50 ಮಂದಿಯ ಮೇಲೆ ನಾರ್ವೆಯಲ್ಲಿ ನಡೆದ ಪರೀಕ್ಷೆಯ ವರದಿ 2022ರಲ್ಲಿ ಬಂತು. ಯಂತ್ರ ಆನ್ ಇದ್ದರೂ ಆಫ್ ಇದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. ನರ್ಸ್ ಆಗಿರುವ ಮಗಳು ಓದಿ ಹೇಳಿದಳು. ಆದ್ದರಿಂದ ಬ್ಯಾಟರಿ ಸೊಂಟಕ್ಕೆ ಕಟ್ಟಿ ನೋಡುವ ಆ ಮೊದಲ ವಾರವನ್ನು ಯಾರೂ ಬಿಡಬಾರದು.

ನನ್ನ ತಕರಾರು ಆಮೇಲಿನದ್ದು. ಅಂಗಾತ ಮಲಗಿದರೆ ಬೆನ್ನುಹುರಿ ತಂತಿಯ ಹತ್ತಿರಕ್ಕೆ ಸರಿಯುತ್ತದಂತೆ. ಕೂತಾಗ ಹಿತವಾಗಿದ್ದ ಕರೆಂಟಿನ ಜುಮುಜುಮು ಮಲಗಿದ ಕೂಡಲೇ ಝಲ್ ಎನ್ನುತ್ತದೆ. ಕತ್ತಲಲ್ಲಿ ರಿಮೋಟ್ ತಡಕಾಡಿ ಕಡಿಮೆ ಮಾಡಬೇಕು. ನಮ್ಮ ಕೈಲಾಗುವುದು ಅಷ್ಟೇ. ಹೊಸದಾಗಿ ಹೊಂದಿಸಲು ಕಂಪನಿಯವರೇ ಬೇಕು, ಅವರಿರುವುದು ಬೆಂಗಳೂರಲ್ಲಿ. ಹೋದ ಮಳೆಗಾಲ ಜುಮುಜುಮು ಕಾಲು ಬಿಟ್ಟು ಪಕ್ಕೆಗೆ ಬಂತು. ಇಲ್ಲಿ ಸಿಂಧನೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ ಡಾಕ್ಟರು ಫಿಲಂ ನೋಡಿ 'ಇದೇನ್ರೀ ಬೆನ್ನೊಳಗೆ?' ಎಂದು ನನ್ನನ್ನೇ ಕೇಳಿದರು. ಕೊನೆಗೆ, ಒಂದು ಕಾಲದಲ್ಲಿ ನಾನೇ ಟಿಕೆಟ್ ಹರಿದ ರಾತ್ರಿ ಬಸ್ಸಿನಲ್ಲಿ, ನೆಟ್ಟಗೆ ಕೂರಲಾಗದೆ, ಬೆಂಗಳೂರು ಸೇರಿದೆ. ತಂತಿ ತುಸು ಜರುಗಿತ್ತು. ಕಂಪ್ಯೂಟರ್ ಮುಂದೆ ಕೂತ ಹುಡುಗ ತಂತಿಯಲ್ಲಿ ಕರೆಂಟ್ ಹೊರಡುವ ಬೇರೆ ಬಿಂದು (ಎಲೆಕ್ಟ್ರೋಡ್) ಆರಿಸಿದ, ಚಹಾ ಆರುವುದರೊಳಗೆ ಜುಮುಜುಮು ಕಾಲಿಗೆ ಮರಳಿತು. ಇಷ್ಟಕ್ಕೆ ಒಂದು ರಾತ್ರಿ ಪ್ರಯಾಣ!

ಲಕ್ಷಗಟ್ಟಲೆ ಪಡೆದು ಯಂತ್ರ ಹಾಕುವ ಆಸ್ಪತ್ರೆಗಳು, ಕಂಪನಿಗಳು ತಿಂಗಳಿಗೊಮ್ಮೆಯಾದರೂ ರಾಯಚೂರು, ಕಲಬುರಗಿಯಂಥ ಕಡೆ ಆ ಹುಡುಗನನ್ನು ಕಳಿಸಲಿ. ರಿಮೋಟಿನ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಈ ಎರಡಕ್ಕೂ ಒಪ್ಪದವರಿಂದ ಯಂತ್ರ ಹಾಕಿಸಿಕೊಳ್ಳುವ ಮೊದಲು ನಮ್ಮ ಕಡೆಯವರು ಇನ್ನೊಮ್ಮೆ ಯೋಚಿಸಲಿ.

– ನಿವೃತ್ತ ಬಸ್ ಕಂಡಕ್ಟರ್, ಸಿಂಧನೂರು